ಕೊಸೊಕೊ ಅನ್ನುವ ಹೆಸರು: ಅರ್ಥ ಏನು, ಈಗಲೂ ಮಕ್ಕಳಿಗೆ ಇಡುತ್ತಾರಾ?

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಒಂದು ಕಥೆ ಬರೆಯುತ್ತಿದ್ದೇನೆ. ನೈಜೀರಿಯಾದ ಲಾಗೋಸ್ ಊರಿನಿಂದ ಬೆಂಗಳೂರಿಗೆ ಓದಲು ಬಂದ ಹುಡುಗ ಅದರ ಮುಖ್ಯ ಪಾತ್ರ. 2004ರ ಸುಮಾರಿಗೆ ಹುಟ್ಟಿದವನು ಅಂತ ಇಟ್ಟುಕೊಳ್ಳಿ. ಎಲ್ಲ ಕಡೆ ಕೇಳುವ ಹೆಸರು ಬೇಡ, ಅಪರೂಪದ್ದು ಇರಲಿ ಅಂತ ಹುಡುಕುತ್ತಿದ್ದೆ. ಅಲ್ಲಿನ ಯೊರುಬಾ ಭಾಷೆಯ ಸಿನಿಮಾ ನೋಡುವಾಗ ಟೈಟಲ್ ಕಾರ್ಡಿನಲ್ಲಿ ಕೊಸೊಕೊ ಅಂತ ಬಂತು. ಬಾಯಿಗೆ ಚೆನ್ನಾಗಿ ಕೂರುತ್ತದೆ, ನಮ್ಮ ಓದುಗರಿಗೂ ತಡವರಿಸುವ ಕಷ್ಟ ಇಲ್ಲ.

ಮಕ್ಕಳ ಹೆಸರಿನ ವೆಬ್‌ಸೈಟುಗಳನ್ನು ತೆರೆದರೆ ಒಂದೊಂದು ಕಡೆ ಒಂದೊಂದು ಅರ್ಥ. ನಂಬುವುದು ಹೇಗೆ? ಈ ಹೆಸರಿಗೆ ನಿಜವಾದ ಅರ್ಥ ಏನು, ಎಲ್ಲಿಂದ ಬಂತು, ಈಗಿನ ಹುಡುಗರಿಗೆ ಇಡುತ್ತಾರಾ? ಆ ಕಡೆ ಇದ್ದವರು ಯಾರಾದರೂ ಹೇಳಿ.

ಸುಮ್ನೆ_ಓದುಗ

ಎಲೆಕೋಸಿನ ವಿಷಯ ಅಂತ ಓದಿಕೊಂಡು ಒಳಗೆ ಬಂದೆ. ಬಂದದ್ದು ಬಂದಾಯಿತು, ಉತ್ತರ ಕೇಳಿಕೊಂಡೇ ಹೋಗುತ್ತೇನೆ.

ಇಕೇಜಾ_ಅಣ್ಣ

ಲಾಗೋಸಿನಲ್ಲಿ ಕೆಲಸ, ಇಕೇಜಾ ಕಡೆ ಮನೆ. ನಮ್ಮ ಗೋಡೌನಿನಲ್ಲಿ ಹೆಚ್ಚಿನವರು ಯೊರುಬಾ ಜನ. ಮಧ್ಯಾಹ್ನ ಊಟದ ಹೊತ್ತಿಗೆ ಹೆಸರಿನ ಪುರಾಣ ಕೇಳಿ ಕೇಳಿ ಸ್ವಲ್ಪ ಗೊತ್ತಾಗಿದೆ.

ಕೊಸೊಕೊ ಅನ್ನುವುದು ಒಂದು ಪೂರ್ತಿ ವಾಕ್ಯ. ‘ಕೊ ಸಿ ಒಕೊ’ ಅಂತ ಬಿಡಿಸಬೇಕು. ‘ಕೊ ಸಿ’ ಅಂದರೆ ಇಲ್ಲ. ‘ಒಕೊ’ ಅಂದರೆ ಗುದ್ದಲಿ. ಗುದ್ದಲಿ ಇಲ್ಲ, ಅಷ್ಟೇ.

ಅದು ಕುಣಿ ತೋಡುವ ಗುದ್ದಲಿ. ‘ನೀನು ಸತ್ತರೆ ಮಣ್ಣು ಮಾಡಲು ನಮ್ಮ ಮನೆಯಲ್ಲಿ ಗುದ್ದಲಿ ಇಲ್ಲ. ಬದುಕಿಕೋ’ ಅಂತ ಹುಟ್ಟಿದ ಮಗುವಿಗೆ ಹೇಳುವ ಮಾತು. ಹಿಂದೆ ಮಕ್ಕಳು ಒಂದಾದ ಮೇಲೊಂದು ತೀರಿಕೊಂಡ ಮನೆಯಲ್ಲಿ ಇಡುತ್ತಿದ್ದ ಹೆಸರು ಇದು.

ಯೊರುಬಾದಲ್ಲಿ ಅಂಥ ಮಗುವಿಗೆ ಅಬಿಕು ಅನ್ನುತ್ತಾರೆ. ಸಾಯಲಿಕ್ಕೇ ಹುಟ್ಟುವುದು ಅಂತ ಅರ್ಥ. ಅವರ ನಂಬಿಕೆ ಏನೆಂದರೆ, ಸತ್ತ ಮಗು, ಅದರ ಹಿಂದೆ ಸತ್ತದ್ದು, ಈಗ ಹುಟ್ಟಿದ್ದು, ಎಲ್ಲಾ ಒಂದೇ ಜೀವ. ಆ ಲೋಕದಲ್ಲಿ ಅದಕ್ಕೊಂದು ಗೆಳೆಯರ ಗುಂಪು ಇದೆ. ಇಂಥ ದಿನ ವಾಪಸ್ ಬರುತ್ತೇನೆ ಅಂತ ಮಾತು ಕೊಟ್ಟು ಬಂದಿರುತ್ತದೆ. ತಾಯಿಯ ಹೊಟ್ಟೆಯಲ್ಲಿ ಹುಟ್ಟುತ್ತದೆ, ಸ್ವಲ್ಪ ದಿನ ಇರುತ್ತದೆ, ಹೋಗುತ್ತದೆ, ಮತ್ತೆ ಅದೇ ತಾಯಿಗೆ ಹುಟ್ಟುತ್ತದೆ. ಅದನ್ನು ಹಿಡಿದು ನಿಲ್ಲಿಸಬೇಕಲ್ಲ? ಕಾಲಿಗೆ ಗೆಜ್ಜೆ ಕಟ್ಟುತ್ತಿದ್ದರು. ಆ ಸದ್ದಿಗೆ ಗೆಳೆಯರ ಗುಂಪು ಹತ್ತಿರ ಸುಳಿಯುವುದಿಲ್ಲ ಅಂತ. ಕೆಲವು ಕಡೆ ಸತ್ತ ಮಗುವಿನ ಮೈಮೇಲೆ ಗಾಯದ ಗುರುತು ಮಾಡಿ ಹೂಳುತ್ತಿದ್ದರು. ಮುಂದಿನ ಮಗುವಿನ ಮೈಮೇಲೆ ಮಚ್ಚೆ ಕಂಡರೆ ‘ನೋಡು, ಅದೇ ಬಂದಿದೆ’ ಅನ್ನುವುದು. ಇದೆಲ್ಲದರ ಜೊತೆಗೆ ಹೆಸರು.

ಕೊಸೊಕೊ ಒಂದೇ ಅಲ್ಲ, ಇಂಥ ಹೆಸರುಗಳ ಒಂದು ದೊಡ್ಡ ಗುಂಪೇ ಇದೆ. ಕೆಲವು ಗೋಗರೆಯುತ್ತವೆ: ಮಲೊಮೊ ಅಂದರೆ ಇನ್ನು ಹೋಗಬೇಡ, ಬಂಜೊಕೊ ಅಂದರೆ ನನ್ನ ಜೊತೆ ಕೂತುಕೋ. ಡುರೊಜಾಯೆ ಆಸೆ ತೋರಿಸುತ್ತದೆ, ನಿಂತು ಬದುಕಿನ ಸುಖ ಉಣ್ಣು ಅಂತ. ಕೆಲವಕ್ಕೆ ಸಿಟ್ಟು. ತಿಜುಇಕು ಅಂದರೆ ಸಾಯಲು ನಾಚಿಕೆಪಡು. ಅಕಿಸಾಟನ್ ನಮ್ಮ ಕೊಸೊಕೊನ ಖಾಸಾ ತಮ್ಮ: ಸುತ್ತಿ ಹೂಳಲು ಚಿಂದಿ ಬಟ್ಟೆ ಕೂಡ ಮುಗಿದಿದೆ. ಡುರೊಸಿನ್ಮಿ ಅಂದರೆ ‘ಇದ್ದು ನನ್ನನ್ನು ಮಣ್ಣು ಮಾಡು’. ಮಗ ತಾಯಿಯನ್ನು ಕಳಿಸಬೇಕು, ತಾಯಿ ಮಗನನ್ನಲ್ಲ, ಅಲ್ವಾ? ನನಗೆ ಎಲ್ಲಕ್ಕಿಂತ ಮನಸ್ಸಿಗೆ ತಾಗಿದ್ದು ಎನುಕುನೊನಿಪೆ. ಸಮಾಧಾನ ಹೇಳಲು ಬರುವವರಿಗೂ ಸಾಕಾಗಿಹೋಗಿದೆ ಅಂತ.

ಈಗಿನ ಹುಡುಗರಿಗೆ ಇಡುತ್ತಾರಾ ಅಂದರೆ, ಮೊದಲ ಹೆಸರಾಗಿ ಬಲು ಅಪರೂಪ. ಮನೆತನದ ಹೆಸರಾಗಿ ಇದೆ.

ಚಳ್ಳಕೆರೆ_ಬಿಸಿಲು

ಅಣ್ಣಾ, ಇದನ್ನು ಓದುತ್ತಾ ನಮ್ಮ ತಾತನೇ ಕಣ್ಣ ಮುಂದೆ ಬಂದರು. ಅವರ ಹೆಸರು ತಿಪ್ಪಯ್ಯ. ಅವರಿಗಿಂತ ಮೊದಲು ಹುಟ್ಟಿದವು ಯಾವುದೂ ಉಳಿಯಲಿಲ್ಲವಂತೆ. ಇವರು ಹುಟ್ಟಿದ ತಕ್ಷಣ ಮೊರದಲ್ಲಿ ಮಲಗಿಸಿ ಮನೆ ಹಿಂದಿನ ತಿಪ್ಪೆ ಮೇಲೆ ಇಟ್ಟು ಬಂದರು. ಪಕ್ಕದ ಮನೆಯಾಕೆ ‘ಯಾರದೋ ಕೂಸು ಬಿದ್ದಿದೆ’ ಅಂತ ಎತ್ತಿಕೊಂಡು ಬಂದಳು. ನಮ್ಮ ಮುತ್ತಜ್ಜಿ ಒಂದು ಸೇರು ತೌಡು ಕೊಟ್ಟು ಅವಳಿಂದ ‘ಕೊಂಡುಕೊಂಡಳು’. ಮೂಗು ಕೂಡ ಚುಚ್ಚಿಸಿದ್ದರು. ತಾತನ ಮೂಗಿನ ಬಲಗಡೆ ಆ ತೂತಿನ ಗುರುತು ಕೊನೆವರೆಗೂ ಇತ್ತು.

ಕಸದ ಜೊತೆ ಬಿದ್ದಿರುವ ಕೂಸು, ತೌಡಿನ ಬೆಲೆ ಕೂಡ ಬಾಳದು. ಅಂಥದ್ದು ಸಾವಿಗೂ ಬೇಡ ಅನ್ನಿಸಲಿ ಅಂತ ಲೆಕ್ಕ. ಗುಂಡಪ್ಪ, ಕಲ್ಲಪ್ಪ ಕೂಡ ಎಷ್ಟೋ ಮನೆಯಲ್ಲಿ ಇದೇ ಕಾರಣಕ್ಕೆ. ಕಲ್ಲಿನ ಹಾಗೆ ಗಟ್ಟಿಯಾಗಿ ಉಳಿಯಲಿ ಅಂತ.

ಇಕೇಜಾ_ಅಣ್ಣ

ಹಾಗಾದರೆ ಇದನ್ನು ಕೇಳಿ. ಇದೇ ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ಅಕಾನ್ ಜನ ಇದ್ದಾರೆ. ಅವರಲ್ಲೂ ಇದೇ ನಂಬಿಕೆ, ಇಂಥ ಮಕ್ಕಳಿಗೆ ಬೇರೆ ಥರ ಹೆಸರು. ಅದರಲ್ಲಿ ಒಂದು ಸುಮಿನಾ. ಅಂದರೆ ಕಸದ ತಿಪ್ಪೆ! ನಿಮ್ಮ ತಾತನ ಹೆಸರೇ.

ಚಳ್ಳಕೆರೆ_ಬಿಸಿಲು

ಏನು ಹೇಳುತ್ತೀರಿ ಅಣ್ಣಾ!

ಇತಿಹಾಸದ_ಮೇಷ್ಟ್ರು

ತಿಪ್ಪೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಚಿತ್ರದುರ್ಗ ಜಿಲ್ಲೆಯಲ್ಲಿ ಸಿಗುವ ಎಲ್ಲ ತಿಪ್ಪೇಸ್ವಾಮಿಗಳೂ ತಿಪ್ಪೆ ಮೇಲೆ ಮಲಗಿದವರಲ್ಲ. ಬಹಳಷ್ಟು ಜನರ ಹೆಸರು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಭಕ್ತಿಯಿಂದ ಬಂದದ್ದು. ಹೆಸರು ಒಂದೇ, ದಾರಿ ಎರಡು. ಕೊಸೊಕೊ ವಿಷಯದಲ್ಲೂ ಹಾಗೆಯೇ ಆಗಿದೆ. ಇಂದು ಲಾಗೋಸಿನಲ್ಲಿ ಈ ಹೆಸರು ಕೇಳಿದವರಿಗೆ ಮೊದಲು ನೆನಪಾಗುವುದು ರಾಜಮನೆತನ.

ಕೊಸೊಕೊ ಲಾಗೋಸಿನ ಒಬ್ಬ ದೊರೆ. ಅಲ್ಲಿ ದೊರೆಗೆ ಓಬಾ ಅನ್ನುತ್ತಾರೆ. ಇವನ ತಂದೆ ಒಸಿನ್ಲೊಕುನ್ ಕೂಡ ಓಬಾ ಆಗಿದ್ದವನು. ಆದರೆ ಪಟ್ಟ ಚಿಕ್ಕಪ್ಪ ಅಕಿಟೊಯೆಗೆ ಹೋಯಿತು. 1845ರಲ್ಲಿ ಕೊಸೊಕೊ ದಂಗೆ ಎದ್ದು ಚಿಕ್ಕಪ್ಪನನ್ನು ಓಡಿಸಿ ತಾನೇ ಕೂತ. ಅಕಿಟೊಯೆ ಬ್ರಿಟಿಷರ ಬಾಗಿಲು ತಟ್ಟಿದ. ‘ನನಗೆ ಪಟ್ಟ ಕೊಡಿಸಿ, ಗುಲಾಮರ ವ್ಯಾಪಾರ ನಿಲ್ಲಿಸುತ್ತೇನೆ’ ಅಂತ. ಬ್ರಿಟಿಷರಿಗೆ ಬೇಕಾಗಿದ್ದೂ ಅದೇ ನೆಪ. ತಾಳೆ ಎಣ್ಣೆಯ ವ್ಯಾಪಾರದ ಮೇಲೂ ಅವರ ಕಣ್ಣಿತ್ತು ಅನ್ನುವುದನ್ನು ಮರೆಯಬಾರದು. 1851ರ ನವೆಂಬರಿನಲ್ಲಿ ಒಮ್ಮೆ ಬಂದು ಹೊಡೆತ ತಿಂದು ವಾಪಸಾದರು. ಡಿಸೆಂಬರ್ ಕೊನೆಯಲ್ಲಿ ದೊಡ್ಡ ತೋಪುಗಳ ಸಮೇತ ಬಂದು ಊರನ್ನೇ ಸುಟ್ಟರು. ಕೊಸೊಕೊ ಹಿನ್ನೀರಿನ ದಾರಿಯಲ್ಲಿ ಎಪೆ ಊರಿಗೆ ಓಡಿಹೋದ. ಅಲ್ಲಿ ಕೂತೇ ವರ್ಷಗಟ್ಟಲೆ ಕಾಟ ಕೊಟ್ಟ. 1861ರಲ್ಲಿ ಬ್ರಿಟಿಷರು ಲಾಗೋಸನ್ನು ಪೂರ್ತಿ ನುಂಗಿದರು. ಮರುವರ್ಷ ಇವನಿಗೆ ಊರಿಗೆ ಬರಲು ಬಿಟ್ಟರು. 1872ರಲ್ಲಿ ತೀರಿಕೊಂಡ.

ಕುಣಿ ತೋಡಲು ಗುದ್ದಲಿಯೇ ಇಲ್ಲ ಅನ್ನುವ ಹೆಸರಿನವನು ಅಷ್ಟೆಲ್ಲಾ ತೋಪಿನ ಬಾಯಿಂದ ಪಾರಾಗಿ, ಬದುಕಿ, ತನ್ನ ಊರಿಗೇ ಬಂದು ಸತ್ತ. ಹೆಸರು ಇಟ್ಟವರು ಖುಷಿಪಡುತ್ತಿದ್ದರು ಬಿಡಿ. ಆದರೆ ಇವನನ್ನು ಸ್ವಾತಂತ್ರ್ಯ ವೀರ ಅಂತ ಕಣ್ಣು ಮುಚ್ಚಿ ಹೊಗಳುವುದೂ ಬೇಡ. ಗುಲಾಮರ ವ್ಯಾಪಾರದಲ್ಲಿ ಇವನ ಕೈ ಇತ್ತು.

ಬೆಣ್ಣೆದೋಸೆ_ದಾವಣಗೆರೆ

ಮೇಷ್ಟ್ರೇ, ಇಕೇಜಾ ಅಣ್ಣಾ, ಇಷ್ಟೆಲ್ಲಾ ಇದೆ ಅಂತ ಗೊತ್ತಿರಲಿಲ್ಲ. ನಾನು ಟೈಟಲ್ ಕಾರ್ಡಿನಲ್ಲಿ ನೋಡಿದ್ದು ಜಿಡೆ ಕೊಸೊಕೊ ಅನ್ನುವ ನಟರ ಹೆಸರು. ಅವರೂ ಅದೇ ಮನೆತನವಾ?

ಇಕೇಜಾ_ಅಣ್ಣ

ಹೌದು, ಅದೇ ರಾಜಮನೆತನ. 1954ರಲ್ಲಿ ಹುಟ್ಟಿದವರು. ಚಿಕ್ಕ ಹುಡುಗನಾಗಿದ್ದಾಗಿನಿಂದ ನಟಿಸುತ್ತಾ ಬಂದವರು. ಇಲ್ಲಿ ಅವರ ಮುಖ ಗೊತ್ತಿಲ್ಲದವರಿಲ್ಲ. ಬಸ್ಸಿನಲ್ಲಿ ಹಾಕುವ ಸಿನಿಮಾದಲ್ಲಿ ಸಿಟ್ಟಿನ ಅಪ್ಪ ಬಂದರೆ ಒಂದೋ ಇವರು, ಇಲ್ಲ ಇವರಂಥ ಇನ್ನೊಬ್ಬರು.

ನೇರ_ಮಾತು

ಎಲ್ಲರೂ ಇದನ್ನು ಕವಿತೆ ಥರ ಓದುತ್ತಿದ್ದೀರಿ. ಮೂಢನಂಬಿಕೆ ಅಂತ ಒಬ್ಬರೂ ಹೇಳಲಿಲ್ಲ. ಹೆಣದ ಮೈಮೇಲೆ ಗಾಯ ಮಾಡುವುದು, ಹಸುಗೂಸನ್ನು ತಿಪ್ಪೆಯಲ್ಲಿ ಮಲಗಿಸುವುದು, ಇದರಲ್ಲಿ ಚಂದ ಏನಿದೆ? ಕಾಯಿಲೆ ಏನು ಅಂತ ನೋಡಿದ್ದರೆ ಮಗು ಉಳಿಯುತ್ತಿತ್ತು.

ಲ್ಯಾಬ್_ಅಕ್ಕ_ಮೈಸೂರು

ನೇರ ಮಾತಿನವರೇ, ನಿಮ್ಮ ಸಿಟ್ಟು ಸರಿ. ಆದರೆ 1800ರ ಇಸವಿಯಲ್ಲಿ ನೋಡಲು ಏನಿತ್ತು? ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಬಿಕು ವಿಷಯ ನಮಗೆ ಬೇರೆ ದಾರಿಯಿಂದ ಪರಿಚಯ. ಆ ಹೆಸರಿನ ಹಿಂದೆ ಸಿಕಲ್ ಸೆಲ್ ಕಾಯಿಲೆಯೂ ಇತ್ತು ಅಂತ ವೈದ್ಯರು ಹೇಳುತ್ತಾರೆ.

ನಮ್ಮ ಕೆಂಪು ರಕ್ತಕಣ ದುಂಡಗೆ, ಮೆತ್ತಗೆ ಇರುತ್ತದೆ. ಈ ಕಾಯಿಲೆಯಲ್ಲಿ ಅದು ಕುಡುಗೋಲಿನ ಹಾಗೆ ಬಾಗಿ ಗಟ್ಟಿಯಾಗುತ್ತದೆ. ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಮಗುವಿನ ಕೈಕಾಲು ಬೆರಳು ಊದಿಕೊಳ್ಳುತ್ತವೆ, ತಡೆಯಲಾಗದ ನೋವು, ರಕ್ತ ಕಡಿಮೆ, ಸಣ್ಣ ಸೋಂಕಿಗೂ ಜೀವ ಹೋಗುತ್ತದೆ. ಮಜಾ ಏನೆಂದರೆ ಹುಟ್ಟಿದಾಗ ಮಗು ಗುಂಡುಗುಂಡಾಗಿ ಚೆನ್ನಾಗೇ ಇರುತ್ತದೆ. ಹುಟ್ಟುವಾಗ ರಕ್ತದಲ್ಲಿರುವ ಹಿಮೋಗ್ಲೋಬಿನ್ ಬೇರೆ ಥರದ್ದು, ಅದು ಕಾಪಾಡುತ್ತದೆ. ಕೆಲವು ತಿಂಗಳಾದ ಮೇಲೆ ಅದು ಕಡಿಮೆಯಾಗುತ್ತಾ ಬಂದು ಕಾಯಿಲೆ ಶುರು. ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ‘ಹೊರಟುಹೋಯಿತು’ ಅನ್ನಿಸದೆ ಇನ್ನೇನು?

ತಂದೆ ತಾಯಿ ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಇದ್ದರೆ ಅವರಿಗೆ ಏನೂ ಆಗುವುದಿಲ್ಲ. ಆದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ನಾಲ್ಕು ಹೆತ್ತರೆ ಒಂದೇ ಅಂತಲ್ಲ. ಪ್ರತಿ ಸಲ ಹೊಸದಾಗಿ ಅದೇ ಲೆಕ್ಕ. ಹಾಗಾಗಿ ಕೆಲವು ಮನೆಯಲ್ಲಿ ಸಾಲಾಗಿ ಹೋಗುತ್ತವೆ, ಪಕ್ಕದ ಮನೆಯಲ್ಲಿ ಒಂದೂ ಹೋಗುವುದಿಲ್ಲ. ಒಂದೇ ತಾಯಿಯನ್ನು ಆರಿಸಿಕೊಂಡು ಬರುತ್ತದೆ ಅಂತ ಅವರಿಗೆ ಅನ್ನಿಸಿದ್ದು ಸುಮ್ನೆ ಅಲ್ಲ. ಕಣ್ಣಾರೆ ಕಂಡದ್ದಕ್ಕೆ ಅವರಿಗೆ ತಿಳಿದ ಕಾರಣ ಕೊಟ್ಟರು.

ನೈಜೀರಿಯಾದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆ ಒಂದು ಜೀನ್ ಇದೆ. ವರ್ಷಕ್ಕೆ 1,50,000ದಷ್ಟು ಮಕ್ಕಳು ಈ ಕಾಯಿಲೆ ಹೊತ್ತು ಹುಟ್ಟುತ್ತಾರೆ ಅಂತ ಅಂದಾಜು. ಒಂದು ಜೀನ್ ಇದ್ದವರಿಗೆ ಮಲೇರಿಯಾ ಜೋರಾಗಿ ತಾಗುವುದಿಲ್ಲ, ಅದಕ್ಕೇ ಮಲೇರಿಯಾ ಜಾಸ್ತಿ ಇರುವ ಕಡೆಯೇ ಇದು ಉಳಿದುಕೊಂಡಿದೆ. ನಮ್ಮಲ್ಲೂ ಇದೆ. ನೀಲಗಿರಿಯ ಬುಡಕಟ್ಟು ಜನರಲ್ಲಿ 1952ರಲ್ಲೇ ಕಂಡಿತ್ತು. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಿಕಲ್ ಸೆಲ್ ನಿರ್ಮೂಲನೆ ಯೋಜನೆಯಲ್ಲಿ ಕರ್ನಾಟಕವೂ ಸೇರಿದೆ.

ಅಂದ ಮಾತ್ರಕ್ಕೆ ಎಲ್ಲ ಅಬಿಕು ಮಕ್ಕಳೂ ಸಿಕಲ್ ಸೆಲ್ ಅಂತ ತಿಳಿಯಬೇಡಿ. ಮಲೇರಿಯಾ, ದಡಾರ, ಭೇದಿ, ಹುಟ್ಟಿದ ವಾರದಲ್ಲೇ ಬರುವ ಧನುರ್ವಾಯು, ಎಲ್ಲವೂ ಕೊಂದಿವೆ.

ಇಕೇಜಾ_ಅಣ್ಣ

ಲ್ಯಾಬ್ ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಇಲ್ಲಿ ಮದುವೆ ಮಾತುಕತೆಯಲ್ಲಿ ‘ನಿನ್ನ ಜಿನೋಟೈಪ್ ಏನು?’ ಅನ್ನುವುದು ಮಾಮೂಲಿ ಪ್ರಶ್ನೆ. ಎಎ, ಎಎಸ್, ಎಸ್‌ಎಸ್ ಅಂತ ಎಲ್ಲರಿಗೂ ಬಾಯಿಪಾಠ. ಮೊದಲನೆಯದರಲ್ಲಿ ಆ ಕೆಟ್ಟ ಜೀನ್ ಇಲ್ಲ, ಎರಡನೆಯದರಲ್ಲಿ ಒಂದು ಇದೆ, ಮೂರನೆಯದರಲ್ಲಿ ಎರಡೂ ಕೆಟ್ಟದ್ದು, ಅಂದರೆ ಕಾಯಿಲೆ. ಹುಡುಗ ಹುಡುಗಿ ಇಬ್ಬರೂ ಎಎಸ್ ಅಂತಾದರೆ ಎಷ್ಟೋ ಜೋಡಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಎಷ್ಟೋ ಚರ್ಚುಗಳು ಆ ಚೀಟಿ ತೋರಿಸದೆ ಮದುವೆ ಮಾಡಿಸುವುದಿಲ್ಲ. ನಮ್ಮಲ್ಲಿ ಜಾತಕ ಕೇಳುತ್ತಾರೆ, ಇಲ್ಲಿ ರಕ್ತದ ಚೀಟಿ. ಇವರದ್ದೇ ವಾಸಿ ಅನ್ನುತ್ತೇನೆ ನಾನು.

ನೇರ_ಮಾತು

ಸರಿ, ಆ ಮಾತು ಒಪ್ಪುತ್ತೇನೆ. ಹೆಣಕ್ಕೆ ಗಾಯ ಮಾಡುವುದನ್ನು ಮಾತ್ರ ಒಪ್ಪುವುದಿಲ್ಲ.

ಹ್ಯೂಸ್ಟನ್_ಸೊಸೆ

ಇಲ್ಲಿ ಹ್ಯೂಸ್ಟನ್‌ನಲ್ಲಿ ನೈಜೀರಿಯಾದವರು ಬಹಳ. ನಮ್ಮ ಬೀದಿಯಲ್ಲೇ ಎರಡು ಯೊರುಬಾ ಮನೆ ಇವೆ. ಹಾಗಾಗಿ ಜನಪ್ರಿಯತೆ ಬಗ್ಗೆ ನನಗೆ ಗೊತ್ತಿರುವಷ್ಟು.

ಹೆಸರಿನ ವೆಬ್‌ಸೈಟುಗಳಲ್ಲಿ ‘ಇಷ್ಟನೇ ರ‍್ಯಾಂಕ್’ ಅಂತ ಬರೆದಿದ್ದರೆ ನಂಬುವ ಮೊದಲು ಯೋಚಿಸಿ. ಅಮೆರಿಕದಲ್ಲಿ ಹೆಸರಿನ ಪಟ್ಟಿ ಕೊಡುವುದು ಸೋಷಿಯಲ್ ಸೆಕ್ಯುರಿಟಿ ಇಲಾಖೆ. ಒಂದು ವರ್ಷದಲ್ಲಿ 5 ಮಕ್ಕಳಿಗಿಂತ ಕಡಿಮೆ ಇಟ್ಟ ಹೆಸರನ್ನು ಅವರು ಪಟ್ಟಿಗೆ ಸೇರಿಸುವುದೇ ಇಲ್ಲ. ತೀರಾ ಅಪರೂಪದ ಹೆಸರಿಗೆ ರ‍್ಯಾಂಕ್ ಎಲ್ಲಿಂದ ಬರಬೇಕು?

ನಾನು ಇಲ್ಲಿ ಕೇಳುವ ಗಂಡುಮಕ್ಕಳ ಹೆಸರು ಅಯೊಮಿಡೆ, ಒಲುವಾಸೆಯುನ್, ಟೆಮಿಟೋಪೆ, ಬಾಬಾಟುಂಡೆ. ಅಯೊಮಿಡೆ ಅಂದರೆ ನನ್ನ ಸಂತೋಷ ಬಂತು. ಒಲುವಾ ಅಂತ ಶುರುವಾದರೆ ದೇವರ ಹೆಸರು ಅಂತ ತಿಳಿಯಿರಿ. ಬಾಬಾಟುಂಡೆ ಅಂದರೆ ಅಪ್ಪ ವಾಪಸ್ ಬಂದ. ತಾತ ತೀರಿಕೊಂಡ ಮೇಲೆ ಹುಟ್ಟಿದ ಗಂಡು ಮಗುವಿಗೆ ಇಡುತ್ತಾರೆ. ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಡುತ್ತಾರಲ್ಲ, ಹಾಗೆ. ಪಕ್ಕದ ಮನೆಯ ಆಂಟಿಗೆ ಕೊಸೊಕೊ ಬಗ್ಗೆ ಕೇಳಿದೆ. ನಕ್ಕು, ‘ಪುಣ್ಯಕ್ಕೆ ಈಗ ಅದು ಬೇಕಾಗಿಲ್ಲ’ ಅಂದರು.

ಲ್ಯಾಬ್_ಅಕ್ಕ_ಮೈಸೂರು

‘ಬೇಕಾಗಿಲ್ಲ’ ಅನ್ನುವ ಮಾತು ಹ್ಯೂಸ್ಟನ್‌ಗೆ ಸರಿ. ನೈಜೀರಿಯಾದಲ್ಲಿ 2018ರ ಸಮೀಕ್ಷೆ ಪ್ರಕಾರ 1000 ಮಕ್ಕಳಲ್ಲಿ 132 ಮಕ್ಕಳು ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. ಹಿಂದಿಗಿಂತ ಕಡಿಮೆ, ಆದರೂ ಬಹಳ ಜಾಸ್ತಿ. ಹೆಸರು ಕಡಿಮೆಯಾದಷ್ಟು ಬೇಗ ಸಾವು ಕಡಿಮೆಯಾಗಿಲ್ಲ.

ಇಕೇಜಾ_ಅಣ್ಣ

ನಿಜ ಅಕ್ಕ. ಹೆಸರು ಹೋಗಲು ಬೇರೆ ಕಾರಣವೂ ಇದೆ. ಚರ್ಚು, ಮಸೀದಿ ಎರಡೂ ಅಬಿಕು ನಂಬಿಕೆಯನ್ನು ಒಪ್ಪುವುದಿಲ್ಲ. ಮಗುವಿನ ಹೆಸರಿನಲ್ಲಿ ಸಾವಿನ ಮಾತು ಯಾಕೆ, ದೇವರ ಮಾತು ಇರಲಿ ಅನ್ನುತ್ತಾರೆ. ಓದಿದವರು ನಾಚಿಕೊಳ್ಳುವುದೂ ಉಂಟು. ಹಾಗಾಗಿ ಕೊಸೊಕೊ, ಡುರೊಜಾಯೆ, ಮಲೊಮೊ, ಕೊಕುಮೊ ಎಲ್ಲಾ ಮನೆತನದ ಹೆಸರಾಗಿ ನಿಂತುಬಿಟ್ಟಿವೆ. ಯಾವುದೋ ಕಾಲದ ಒಬ್ಬ ಮುತ್ತಜ್ಜ ಬದುಕಿ ಉಳಿದ. ಬ್ರಿಟಿಷರ ಕಾಲದಲ್ಲಿ ಅಪ್ಪನ ಹೆಸರನ್ನು ಕೊನೆ ಹೆಸರಾಗಿ ಬರೆಸುವ ರೂಢಿ ಬಂತು. ಅಲ್ಲಿಂದ ಮಕ್ಕಳು ಮೊಮ್ಮಕ್ಕಳೆಲ್ಲ ಅದೇ.

ನಾಮಕರಣದ ಬಗ್ಗೆಯೂ ಹೇಳಿಬಿಡುತ್ತೇನೆ, ಕಥೆಗೆ ಬೇಕಾಗಬಹುದು. ಎಂಟನೇ ದಿನ ಮಾಡುತ್ತಾರೆ. ತಟ್ಟೆಯಲ್ಲಿ ಜೇನುತುಪ್ಪ, ಉಪ್ಪು, ನೀರು, ತಾಳೆ ಎಣ್ಣೆ, ಕೋಲಾ ಕಾಯಿ, ಒರೊಗ್ಬೊ ಅನ್ನುವ ಕಹಿ ಕಾಯಿ, ಅಟಾರೆ ಅನ್ನುವ ಕಾಳು ಇಡುತ್ತಾರೆ. ಅಟಾರೆ ನಮ್ಮ ಏಲಕ್ಕಿಯ ನೆಂಟ. ಕಾಯಿ ಒಡೆದರೆ ಒಳಗೆ ಕಾಳು ತುಂಬಿಕೊಂಡಿರುತ್ತದೆ, ಜಗಿದರೆ ಕಾಳುಮೆಣಸಿನ ಖಾರ. ಆ ಕಾಳಿನಷ್ಟು ಸಂತಾನ ಆಗಲಿ ಅಂತ. ಜೇನು ಮಗುವಿನ ತುಟಿಗೆ ಸವರಿ, ಬದುಕು ಸಿಹಿಯಾಗಿರಲಿ ಅನ್ನುತ್ತಾರೆ. ಆಮೇಲೆ ತಟ್ಟೆ ಎಲ್ಲರಿಗೂ ಹೋಗುತ್ತದೆ. ಅಜ್ಜ ಅಜ್ಜಿ, ಮಾವ, ಅತ್ತೆ, ಒಬ್ಬೊಬ್ಬರೂ ಬಟ್ಟಲಿಗೆ ದುಡ್ಡು ಹಾಕಿ ತಾವೂ ಒಂದು ಹೆಸರು ಕೊಡುತ್ತಾರೆ. ನಾನು ಹೋಗಿದ್ದ ಒಂದು ನಾಮಕರಣದಲ್ಲಿ ಪಕ್ಕದಲ್ಲಿ ಕೂತ ಅಜ್ಜಿ ಹೆಸರುಗಳ ಲೆಕ್ಕವನ್ನು ಬೆರಳಿನಲ್ಲಿ ಹಿಡಿಯಲು ಹೋಗಿ ಕೈಬಿಟ್ಟಳು.

ಹೆಸರಿಡುವ ಮೊದಲು ಮನೆ ನೋಡು ಅಂತ ಅವರ ಗಾದೆ ಇದೆ. ಮನೆಯಲ್ಲಿ ಆ ಸಮಯಕ್ಕೆ ಏನು ನಡೆದಿದೆಯೋ ಅದೇ ಹೆಸರು. ಹುಟ್ಟುವಾಗಲೇ ತಂದ ಹೆಸರೂ ಇವೆ. ಕಾಲು ಮುಂದಾಗಿ ಹುಟ್ಟಿದರೆ ಇಗೆ. ಬೋರಲಾಗಿ ಹುಟ್ಟಿದರೆ ಅಜಾಯಿ. ಅವಳಿಗಳಲ್ಲಿ ಮೊದಲು ಬಂದವನು ಟೈವೊ, ಆಮೇಲಿನವನು ಕೆಹಿಂಡೆ. ಇದರಲ್ಲಿ ತಮಾಷೆ ಏನೆಂದರೆ ಆಮೇಲೆ ಬಂದ ಕೆಹಿಂಡೆಯೇ ದೊಡ್ಡವನು. ‘ಲೋಕ ಹೇಗಿದೆ ನೋಡಿಕೊಂಡು ಬಾ’ ಅಂತ ಟೈವೊನನ್ನು ಮುಂದೆ ಕಳಿಸಿದವನು ಅವನೇ ಅಲ್ವಾ.

ಇತಿಹಾಸದ_ಮೇಷ್ಟ್ರು

ಅಜಾಯಿ ಅಂದಿರಲ್ಲ, 1864ರಲ್ಲಿ ಆಂಗ್ಲಿಕನ್ ಚರ್ಚಿನ ಮೊದಲ ಆಫ್ರಿಕನ್ ಬಿಷಪ್ ಆದ ಸ್ಯಾಮುಯೆಲ್ ಅಜಾಯಿ ಕ್ರೌದರ್ ಹೆಸರು ಅದೇ. ಗುಲಾಮರ ಹಡಗಿನಿಂದ ಬಿಡಿಸಿಕೊಂಡು ಬಂದ ಹುಡುಗ. ಬೈಬಲ್ಲನ್ನು ಯೊರುಬಾಕ್ಕೆ ತಂದವರಲ್ಲಿ ಮುಖ್ಯನಾದ. ಕ್ರೈಸ್ತನಾದ ಮೇಲೂ ಅಜಾಯಿ ಅನ್ನುವುದನ್ನು ಬಿಡಲಿಲ್ಲ.

ಬೆಣ್ಣೆದೋಸೆ_ದಾವಣಗೆರೆ

ಸರಿ, ನನ್ನ ಹುಡುಗನಿಗೆ ಕೊಸೊಕೊ ಅಂತ ಮೊದಲ ಹೆಸರು ಇಟ್ಟರೆ ಲಾಗೋಸಿನವರು ಓದಿ ನಗುತ್ತಾರಾ?

ಇಕೇಜಾ_ಅಣ್ಣ

ನಗುವುದಿಲ್ಲ, ಆದರೆ ಹುಬ್ಬೇರಿಸುತ್ತಾರೆ. 2004ರಲ್ಲಿ ಹುಟ್ಟಿದ ಲಾಗೋಸ್ ಹುಡುಗನಿಗೆ ಆ ಹೆಸರು ಇಟ್ಟಿದ್ದಾರೆ ಅಂದರೆ ಮನೆಯಲ್ಲಿ ಏನೋ ದೊಡ್ಡ ಕಥೆ ಇರಬೇಕು ಅಂದುಕೊಳ್ಳುತ್ತಾರೆ. ಅದನ್ನು ನೀವು ಹೇಳಲೇಬೇಕಾಗುತ್ತದೆ. ಕೊನೆ ಹೆಸರಾಗಿ ಇಟ್ಟರೆ ರಾಜಮನೆತನದವನಾ ಅಂತ ಕೇಳುತ್ತಾರೆ. ಆ ತಾಪತ್ರಯ ಬೇಡ ಅಂದರೆ ಅಯೊಮಿಡೆ ಡುರೊಜಾಯೆ ಅಂತ ಇಡಿ. ಮೊದಲಿನದು ಈ ಕಾಲದ್ದು, ಕೊನೆಯದರಲ್ಲಿ ಮುತ್ತಜ್ಜನ ಕಥೆ ಇರುತ್ತದೆ. ಗೆಳೆಯರು ಅವನನ್ನು ಅಯೊ ಅನ್ನುತ್ತಾರೆ. ಅಜ್ಜಿ ಪಾತ್ರ ಇದ್ದರೆ ಅವಳ ಬಾಯಲ್ಲಿ ಅಜಾನಿ ಅಂತ ಕರೆಸಿ. ಅದು ಒರಿಕಿ, ಅಂದರೆ ಮುದ್ದಿನ, ಹೊಗಳಿಕೆಯ ಹೆಸರು. ಮುನಿಸಿಕೊಂಡ ಮೊಮ್ಮಗನನ್ನು ಒಲಿಸಲು ಅಜ್ಜಿಯರು ಬಳಸುವುದು ಇದನ್ನೇ.

ಚಳ್ಳಕೆರೆ_ಬಿಸಿಲು

ನನಗಂತೂ ಕೊಸೊಕೊ ಇರಲಿ ಅನ್ನಿಸುತ್ತದೆ. ಕಥೆಗೆ ಕಾರಣ ಹುಡುಕುವುದು ಬರೆಯುವವರ ಕೆಲಸ. ಬೆಂಗಳೂರಿನಲ್ಲಿ ಅವನ ರೂಮ್‌ಮೇಟ್ ನಮ್ಮ ಕಡೆಯ ತಿಪ್ಪೇಸ್ವಾಮಿ ಆಗಲಿ. ಇಬ್ಬರೂ ತಮ್ಮ ಹೆಸರಿನ ಅರ್ಥ ಹೇಳಲು ನಾಚಿಕೊಳ್ಳುತ್ತಾ ಆರು ತಿಂಗಳು ಕಳೆಯಲಿ.

ಬೆಣ್ಣೆದೋಸೆ_ದಾವಣಗೆರೆ

ಅಯ್ಯೋ ಗುರು, ಇದು ನನಗೆ ಹೊಳೆಯಲೇ ಇಲ್ಲ! ತೆಗೆದುಕೊಂಡೆ. ಕೊನೆಯದಾಗಿ ಒಂದೇ ಪ್ರಶ್ನೆ, ಉಚ್ಚಾರ ಹೇಗೆ? ಕನ್ನಡದಲ್ಲಿ ಕೊಸೊಕೊ ಅಂತಲೇ ಬರೆಯಲಾ?

ಇಕೇಜಾ_ಅಣ್ಣ

ಹಾಗೇ ಬರೆಯಿರಿ. ಮೂರೂ ಹ್ರಸ್ವ, ಎಳೆಯಬೇಡಿ. ಅವರ ಭಾಷೆಯಲ್ಲಿ ಸ್ವರದ ಏರಿಳಿತ ಮೂರು ಥರ ಇದೆ, ಏರು, ಇಳಿ, ನಡು. ಕೊಸೊಕೊದಲ್ಲಿ ಮೊದಲ ಕೊ ತಗ್ಗು, ಆಮೇಲಿನ ಎರಡೂ ಎತ್ತರ. ಆ ಎರಡರಲ್ಲೂ ಒ ಹೇಳುವಾಗ ಬಾಯಿ ಸ್ವಲ್ಪ ಜಾಸ್ತಿ ತೆರೆಯಬೇಕು. ಏರಿಳಿತ ತಪ್ಪಿದರೆ ಗುದ್ದಲಿ ಹೋಗಿ ಗಂಡ ಆಗುತ್ತದೆ, ಇನ್ನೊಂದು ಥರ ತಪ್ಪಿದರೆ ದೋಣಿ. ನಿಮ್ಮ ತಿಪ್ಪೇಸ್ವಾಮಿ ಮೊದಲ ದಿನ ಕರೆಯುವಾಗಲೇ ತಪ್ಪಿಸಲಿ, ಕೊಸೊಕೊ ತಿದ್ದಲಿ.